ನಮ್ಮ ಮನೆಯ ಇಂಟರ್ನೆಟ್ಟಿಗೆ ಆಪರೇಟರ್ ಆರಿಸಿದವರು

ಅವರ ತಲೆಯ ಮೇಲೆ ಒಂದು ಗೆರೆ ಇತ್ತು. ಬೈತಲೆ ಅಲ್ಲ. ಬೈತಲೆ ಹಣೆಯಿಂದ ಹಿಂದಕ್ಕೆ ಹೋಗುತ್ತದೆ. ಇದು ಈ ಕಿವಿಯಿಂದ ಆ ಕಿವಿಗೆ, ನೆತ್ತಿ ದಾಟಿಕೊಂಡು ಅಡ್ಡಕ್ಕೆ ಹೋಗಿತ್ತು. ಅಷ್ಟು ಜಾಗದಲ್ಲಿ ಕೂದಲು ತೆಳ್ಳಗಾಗಿ, ಎಣ್ಣೆ ಹಚ್ಚಿದರೂ ಬಾಚಿದರೂ ಮೇಲೇಳದೆ ಮಲಗಿಕೊಂಡಿರುತ್ತಿತ್ತು. ಭದ್ರಾವತಿಯ ಒಂದು ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಹೆಡ್‌ಸೆಟ್ ಹಾಕಿಕೊಂಡು ಕೂತಿದ್ದರ ಗುರುತು ಅದು. ಅವರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು, ಗೆರೆ ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು.

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ ಅವರ ಮನೆ. ಕೆಳಗೆ ಅವರು, ಮಹಡಿಯಲ್ಲಿ ಬಾಡಿಗೆಗೆ ನಾನು ಮತ್ತು ನನ್ನ ಗಂಡ. ಓಣಿಯವರೆಲ್ಲ ಅವರನ್ನು ಆಪರೇಟರಮ್ಮ ಅನ್ನುತ್ತಿದ್ದರು. ನಾನು ಬರೀ 'ಅಮ್ಮಾ' ಅನ್ನುತ್ತಿದ್ದೆ, ಕೋಪ ಬಂದಾಗ ಮಾತ್ರ ಆ 'ಅಮ್ಮಾ' ಬಿಟ್ಟುಹೋಗುತ್ತಿತ್ತು. ಅವರಿಗೆ ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ಇಡೀ ಓಣಿಯಲ್ಲಿ ಯಾರಿಗೂ ಇರಲಿಲ್ಲ, ನನಗೂ.

ಮೊಬೈಲು ರಿಂಗಾದರೆ ಮೊದಲು ಸೆರಗಿನಲ್ಲಿ ಒರೆಸಿ, ತಮ್ಮ ನಂಬರನ್ನು ತಾವೇ ಪೂರ್ತಿ ಹೇಳಿ, ಆಮೇಲೆ "ಹೇಳಿ" ಅನ್ನುತ್ತಿದ್ದರು. ಹತ್ತು ಅಂಕಿ ಮುಗಿಯುವುದರೊಳಗೆ ಅವಸರದವರು ಫೋನ್ ಇಟ್ಟುಬಿಡುತ್ತಿದ್ದರು. "ಇಟ್ರೆ ಇಡ್ಲಿ. ಹತ್ತಂಕಿ ಕೇಳೋ ತಾಳ್ಮೆ ಇಲ್ದೋರು ನನ್ನ ಮಾತು ಏನು ಕೇಳ್ತಾರೆ?" ಕನ್ನಡದಷ್ಟೇ ಸಲೀಸಾಗಿ ತಮಿಳು, ತೆಲುಗು ಆಡುತ್ತಿದ್ದರು, ಬಜಾರಿಗೆ ಹೋದರೆ ಉರ್ದು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಅದೇನು ದೊಡ್ಡ ವಿಷಯವಲ್ಲ ಎಂದು ಅವರ ವಾದ.

ಇನ್ನೊಂದು ಅಭ್ಯಾಸ ಇತ್ತು, ಅದನ್ನು ನಾನು ಸರಿಯಾಗಿ ಗಮನಿಸಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಅವರ ಎದುರಿಗೆ ಬೇರೆಯವರಿಗೆ ಫೋನ್ ಬಂದರೆ ಅವರು ಎದ್ದು ಒಳಗೆ ಹೋಗುತ್ತಿದ್ದರು. ಕೈಯಲ್ಲಿ ಮುದ್ದೆ ಮುರಿದುಕೊಂಡಿದ್ದರೂ ಸರಿ, ತಟ್ಟೆ ಎತ್ತಿಕೊಂಡು ಅಡುಗೆಮನೆಗೆ. ನಾನು "ಅಮ್ಮಾ, ಕೂತ್ಕೊಳ್ಳಿ, ಗ್ಯಾಸಿನವರು" ಅಂದರೂ ಕೇಳುತ್ತಿರಲಿಲ್ಲ. ಮಾತು ಮುಗಿದ ಮೇಲೆ ಬಂದು ಕೂತು, ಯಾರು, ಏನು ಅಂತ ಒಂದು ಮಾತು ಕೇಳದೆ ಸಾರು ಬಡಿಸಿಕೊಳ್ಳುತ್ತಿದ್ದರು.

ಎಕ್ಸ್‌ಚೇಂಜಿನ ಕತೆಗಳನ್ನು ಕಟ್ಟಿಕೊಂಡು ಹೇಳುವವರಲ್ಲ ಅವರು. ಕೆದಕಿದರೆ ಅಷ್ಟಿಷ್ಟು ಬರುತ್ತಿತ್ತು. ಆ ಕಾಲದಲ್ಲಿ ಕಾರ್ಖಾನೆಯ ಒಳಗೆ ಯಾರೂ ನಂಬರ್ ಕೇಳುತ್ತಿರಲಿಲ್ಲವಂತೆ. ಫೋನ್ ಎತ್ತಿ "ಆ ಮೂಗುತಿ ಡಾಕ್ಟರಮ್ಮನ್ನ ಕೊಡಿ", "ನಮ್ಮ ಮಾವನ ಮನೆ ಕೊಡಮ್ಮ" ಅನ್ನುವುದು. ಮಾವ ಯಾರು, ಯಾವ ಸೆಕ್ಷನ್, ಯಾವ ಕ್ವಾರ್ಟರ್ಸು, ಎಲ್ಲ ಇವರ ತಲೆಯಲ್ಲಿ. ಹೆಸರು ಕಿವಿಗೆ ಬಿದ್ದರೆ, ಕರೆ ಜೋಡಿಸುವ ಬೋರ್ಡಿನ ಮೇಲೆ ನಂಬರು ಬೆರಳಿಗೆ ಬರುತ್ತಿತ್ತು. ಹೊಸದಾಗಿ ಸೇರಿದವರಿಗೆ ಅವರು ಹೇಳಿಕೊಡುತ್ತಿದ್ದದ್ದು ಒಂದೇ ಪಾಠ:

"ಕೇಳಿದ್ದನ್ನ ಜೋಡ್ಸು. ಜೋಡ್ಸಿದ್ದನ್ನ ಮರ್ತುಬಿಡು."

ಒಮ್ಮೆ ಒಬ್ಬ ದೊಡ್ಡ ಅಧಿಕಾರಿ ಅವರನ್ನು ಕೋಣೆಗೆ ಕರೆಸಿ, ಯೂನಿಯನ್ನಿನ ಒಬ್ಬ ಮನುಷ್ಯನಿಗೆ ಯಾರ್ಯಾರು ಫೋನ್ ಮಾಡುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದುಕೊಡಲು ಹೇಳಿದರಂತೆ. ಇವರು "ಬೋರ್ಡಿನಿಂದ ಎದ್ಮೇಲೆ ನಂಗೇನೂ ನೆನಪಿರಲ್ಲ ಸಾರ್" ಅಂದರು. "ಇಡೀ ಕಾರ್ಖಾನೆ ನಂಬರ್ ನೆನಪಿರುತ್ತೆ, ಇದು ನೆನಪಿರಲ್ವಾ?" ಅಂತ ಅವರು ಗದರಿದರು. "ಅಷ್ಟು ನಂಬರ್ ಇಡಕ್ಕೆ ಜಾಗ ಬೇಕಲ್ಲ ಸಾರ್, ಅದಕ್ಕೇ ಇದನ್ನೆಲ್ಲ ಖಾಲಿ ಮಾಡ್ತೀನಿ." ಮಾರನೆಯ ದಿನ ಅವರನ್ನು ಎಕ್ಸ್‌ಚೇಂಜಿನಿಂದ ಎತ್ತಿ ಸ್ಟೋರಿಗೆ ಹಾಕಿದರು. ಆರೇ ತಿಂಗಳು. ಕಾರ್ಖಾನೆಯಲ್ಲಿ ಯಾರಿಗೂ ಯಾರೂ ಸಿಗದಂತಾಗಿ, ಕೊನೆಗೆ ಅದೇ ಅಧಿಕಾರಿ ತಮ್ಮ ಹೆಂಡತಿಗೆ ಅಂತ ಮಾಡಿದ ಫೋನು ಕ್ಯಾಂಟೀನಿಗೆ ಹೋದ ಮೇಲೆ, ಇವರನ್ನು ವಾಪಸ್ ಕರೆದರು. ಇದನ್ನು ಹೇಳುವಾಗ ಮಾತ್ರ ಆಪರೇಟರಮ್ಮ ಬಾಯಿ ತುಂಬ ನಗುತ್ತಿದ್ದರು.

ಅಂಥವರನ್ನು ನಾನು ಚಾಡಿಕೋರಿ ಅಂದೆ. ಅದನ್ನೇ ಹೇಳಬೇಕಾಗಿರುವುದು.

ಮದುವೆಯಾಗಿ ಹನ್ನೊಂದು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಆಸ್ಪತ್ರೆಗಳ ಕತೆ ಬೇಡ, ಅದು ಎಲ್ಲರ ಮನೆಯಲ್ಲೂ ಒಂದೇ ಥರ ಇರುತ್ತದೆ. ಕೊನೆಗೆ ನಾವಿಬ್ಬರೂ ಯೋಚಿಸಿ, ದತ್ತು ತೆಗೆದುಕೊಳ್ಳಲು ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದೆವು. ಯಾರಿಗೂ ಹೇಳಲಿಲ್ಲ. ಗಂಡನ ಊರು ಹೊಳಲೂರು. ಅಲ್ಲಿ ಅತ್ತೆ, ಭಾವ, ಅವರ ಸಂಸಾರ. ಮನೆಯ ಮಗುವನ್ನೇ ಒಂದನ್ನು ಇಟ್ಟುಕೊಳ್ಳಿ, ಹೊರಗಿನದು ಯಾಕೆ ಎಂಬ ಮಾತು ಅಲ್ಲಿ ಒಂದೆರಡು ಸಲ ಬಂದಿತ್ತು. ಅತ್ತೆಗೆ ಮುಖಾಮುಖಿ ಕೂತು, ಸಮಾಧಾನವಾಗಿ, ನಾವೇ ಹೇಳಬೇಕು ಅಂತ ನಿರ್ಧರಿಸಿದ್ದೆವು. ಯಾವಾಗ ಎಂಬುದನ್ನು ಮಾತ್ರ ದಿನಾ ಮುಂದಕ್ಕೆ ಹಾಕುತ್ತಿದ್ದೆವು.

ಅಷ್ಟರಲ್ಲಿ ಒಂದು ಭಾನುವಾರ ಬೆಳಿಗ್ಗೆ ಅತ್ತೆಯ ಫೋನು. ದನಿಯಲ್ಲೇ ಗೊತ್ತಾಯಿತು.

"ಎಲ್ಲಿಂದಲೋ ಮಗು ತರ್ತಿದೀರಂತೆ? ದಿನಾ ಮೂರು ಸಲ ಅದ್ನೇ ನೋಡ್ತಾ ಕೂತಿರ್ತೀಯಂತೆ? ಹೆತ್ತೋಳಿಗೆ ಹೇಳಕ್ಕೆ ನನ್ನ ಮಗಂಗೆ ಬಾಯಿ ಬರ್ಲಿಲ್ವಾ? ಊರೋರ ಬಾಯಲ್ಲಿ ಕೇಳ್ಬೇಕಾ ನಾನು?"

ಯಾರು ಹೇಳಿದರು ಅಂದರೆ ಅವರು ಹೇಳಲಿಲ್ಲ. ಫೋನ್ ಇಟ್ಟರು.

ನನ್ನ ಸಿಟ್ಟಿನ ಬಗ್ಗೆ ನಾನೇ ಹೇಳಿಕೊಳ್ಳುವುದಾದರೆ, ಅದು ಹಾಲು ಉಕ್ಕಿದ ಹಾಗೆ. ನೋಡುತ್ತಿದ್ದಂತೆಯೇ ಒಲೆಯ ಮೇಲೆಲ್ಲ. ನಮ್ಮ ಮಹಡಿಯ ಕಿಟಕಿ ಕೆಳಗಿನ ಹಿತ್ತಿಲ ಮೇಲೇ ಇದೆ. ನಾವಿಬ್ಬರೂ ಆಡಿದ ಮಾತು ಕೇಳಿಸುವುದಿದ್ದರೆ ಒಬ್ಬರಿಗೆ ಮಾತ್ರ. ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. ಆಪರೇಟರಮ್ಮ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳನ್ನು ಹಿಸುಕುತ್ತಿದ್ದರು.

"ಹೊಳಲೂರಿಗೆ ಹೇಳಿದ್ದು ನೀವೇ ತಾನೆ? ಮೂವತ್ತು ವರ್ಷ ಬೇರೆಯವರ ಮಾತು ಕೇಳಿ ಕೇಳಿ ಅದೇ ಅಭ್ಯಾಸ ಆಗಿದೆ ನಿಮ್ಗೆ. ಚಾಡಿ ಹೇಳಕ್ಕೆ ನಾವೇ ಸಿಕ್ಕಿದ್ವಾ?"

ಅವರ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಕಾಳು ಹಿಸುಕತೊಡಗಿದರು. ಆ ಮೌನವನ್ನೇ ಒಪ್ಪಿಗೆ ಅಂದುಕೊಂಡು ನಾನು ಧಡಧಡ ಮೇಲೆ ಬಂದೆ.

ಗಂಡನಿಗೆ ಹೇಳಿದೆ. ಅವರು ಮಾತು ಕಡಿಮೆಯ ಮನುಷ್ಯ. ಶೇವಿಂಗ್ ಮಾಡಿಕೊಳ್ಳುತ್ತಿದ್ದವರು ಕನ್ನಡಿಯಲ್ಲೇ ನನ್ನನ್ನು ನೋಡಿ, "ಗ್ಯಾಸಿನವನ ಫೋನ್ ಬಂದ್ರೂ ತಟ್ಟೆ ಎತ್ಕೊಂಡು ಒಳಗೆ ಹೋಗೋರು. ಅವರಾ?" ಅಂದರು.

ಅಷ್ಟೇ. ನನಗೆ ಕೂರಲು ಆಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಒಡೆದ ಮುತ್ತನ್ನು ಸೆರಗಿನಲ್ಲಿ ಕಟ್ಟಿಕೊಂಡು ಮತ್ತೆ ಕೆಳಗೆ ಹೋದೆ. ಅವರು ಇನ್ನೂ ಅಲ್ಲೇ ಇದ್ದರು. ಅವರ ಎದುರಿಗೆ ನೆಲದ ಮೇಲೆ ಕೂತೆ. "ಯಾರು ಹೇಳಿದ್ರೋ ನಂಗೆ ಗೊತ್ತಿಲ್ಲ. ನೀವಂತೂ ಅಲ್ಲ. ತಪ್ಪಾಯ್ತು ಅಮ್ಮಾ" ಅಂದೆ.

ಅವರು ಅರ್ಧ ಕಾಳನ್ನು ನನ್ನ ಕಡೆಗೆ ಸರಿಸಿದರು. "ಹಿಸುಕು. ಮಾತಾಡ್ತಾ ಮಾಡಿದ್ರೆ ಬೇಗ ಮುಗಿಯುತ್ತೆ."

ನಾನು ಹಿಸುಕುತ್ತಾ ಅತ್ತುಬಿಟ್ಟೆ. ಅವರು ಅಳುವುದಕ್ಕೆ ಬಿಟ್ಟರು, ಆಮೇಲೆ ಕೇಳಿದರು: "ನಿಮ್ಮತ್ತೆ ಏನಂದ್ರು? ಅವರು ಆಡಿದ ಮಾತು ಹಾಗ್ಹಾಗೇ ಹೇಳು. ನಿನ್ನ ಒಗ್ಗರಣೆ ಬೇಡ."

ಹೇಳಿದೆ. ಮೂರು ಸಲ ಎಂಬಲ್ಲಿ ಅವರು ಕೈ ಎತ್ತಿ ನಿಲ್ಲಿಸಿದರು.

"ನೀನು ದಿನಾ ಮೂರು ಸಲ ನೋಡೋದು ನಿಜಾನಾ?"

ನಿಜವಾಗಿತ್ತು. ಬೆಳಿಗ್ಗೆ ಕಾಫಿಗೆ ಮುಂಚೆ ಒಮ್ಮೆ, ಕಾಲೇಜಿನ ಕೆಲಸದಿಂದ ಬಂದು ಒಮ್ಮೆ, ಊಟವಾದ ಮೇಲೆ ಒಮ್ಮೆ ಆ ವೆಬ್‌ಸೈಟು ತೆಗೆದು ನಮ್ಮ ಅರ್ಜಿ ಮುಂದೆ ಸರಿಯಿತೇ ಅಂತ ನೋಡುತ್ತಿದ್ದೆ. ಗಂಡನಿಗೂ ಅದು ಗೊತ್ತಿರಲಿಲ್ಲ.

"ಹಾಗಾದ್ರೆ ಇದು ಕಿಟಕಿ ಕೆಳಗೆ ನಿಂತು ಕೇಳಿದ ಮಾತಲ್ಲ ಕಣೇ. ಕಿವಿಗೆ ಬಿದ್ದಿದ್ದು ಹೇಳೋರು 'ಮಗು ತರ್ತಾರಂತೆ' ಅಂತಾರೆ. ಎಷ್ಟು ಸಲ ಅಂತ ಎಣಿಸಿ ಹೇಳೋದು ಬೋರ್ಡ್ ಮುಂದೆ ಕೂತವರು ಮಾತ್ರ. ನಿಮ್ಮ ಇಂಟರ್ನೆಟ್ಟಿಗೆ ಬೋರ್ಡ್ ಎಲ್ಲಿದೆ?"

ನಾನು ಡಿಪ್ಲೊಮಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರು. ವರ್ಷಕ್ಕೆರಡು ಸಲ ಇದನ್ನೇ ಪಾಠ ಮಾಡುತ್ತೇನೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದಕ್ಕೆ ನನಗಿಂತ ಬೇರೆ ಉದಾಹರಣೆ ಬೇಕೇ! ಅವರೆಕಾಳು ಬದಿಗಿಟ್ಟು ವಿವರಿಸಿದೆ. ನಾವು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ವೆಬ್‌ಸೈಟಿನ ಹೆಸರು ಹಾಕುತ್ತೇವೆ. ಆದರೆ ಇಂಟರ್ನೆಟ್ಟಿಗೆ ಹೆಸರು ತಿಳಿಯುವುದಿಲ್ಲ, ನಂಬರು ಬೇಕು. ಹಾಗಾಗಿ ನಮ್ಮ ರೂಟರು, ಅಂದರೆ ವೈಫೈ ಪೆಟ್ಟಿಗೆ, ಮೊದಲು ಒಂದು ಕಡೆ ಹೋಗಿ 'ಈ ಹೆಸರಿನವರ ನಂಬರು ಕೊಡಿ' ಅಂತ ಕೇಳುತ್ತದೆ. ಹೀಗೆ ಹೆಸರಿಗೆ ನಂಬರು ಹುಡುಕಿಕೊಡುವುದಕ್ಕೆ ಡಿಎನ್‌ಎಸ್ ರಿಸಾಲ್ವರ್ ಅನ್ನುತ್ತಾರೆ. ನಾವು ಬೇರೆ ಹೇಳದಿದ್ದರೆ, ಇಂಟರ್ನೆಟ್ ಕೊಡುವವರದ್ದೇ ಇರುತ್ತದೆ.

ಆಪರೇಟರಮ್ಮನ ಮುಖ ಅರಳಿತು. "ಅಯ್ಯೋ ಮಾರಾಯ್ತಿ, ಹಾಗಂದ್ರೆ ಅಲ್ಲೂ ಒಬ್ಳು ಆಪರೇಟರ್ ಇದಾಳೆ ಅನ್ನು! ಇಷ್ಟು ವರ್ಷ ಈ ಪೆಟ್ಟಿಗೇಲಿ ಏನೋ ಮಾಯ ಇದೆ ಅಂದ್ಕೊಂಡಿದ್ದೆ. ಎಲ್ಲಾ ನಮ್ದೇ ಕೆಲಸ!"

ಆ ಸಂತೋಷ ಒಂದು ಗಳಿಗೆ. ಆಮೇಲೆ ಅವರೇ ಕೇಳಿದರು: "ಆ ಆಪರೇಟರ್ ಬಾಯಿ ಗಟ್ಟಿ ಇಲ್ಲ ಅಂದ್ರೆ?"

ನಮ್ಮ ಓಣಿಗೆಲ್ಲ ಇಂಟರ್ನೆಟ್ ಕೊಡುತ್ತಿದ್ದವರದ್ದು ಬಜಾರಿನಲ್ಲೇ ಅಂಗಡಿ, ನಲವತ್ತು ದಾಟಿದ ಮನುಷ್ಯ, ಕೆಟ್ಟವರೇನಲ್ಲ. ಅವರ ಹೆಂಡತಿಯ ತವರು ಹೊಳಲೂರು ಎಂಬುದು ನನಗೆ ಆಗ ನೆನಪಿಗೆ ಬಂತು. ನಾನು ಹೋಗಿ ಕೂಗಾಡಿ ಬರುತ್ತೇನೆಂದು ಎದ್ದೆ. ಆಪರೇಟರಮ್ಮ ನನ್ನ ಕೈ ಹಿಡಿದು ಕೂರಿಸಿದರು. "ನೀನು ಬೆಳಿಗ್ಗೆಯಿಂದ ಒಂದು ರಾಂಗ್ ನಂಬರ್ ಮಾಡಿದೀಯ, ಸಾಕು. ನಾಳೆ ನಾನೇ ಬರ್ತೀನಿ."

ಮಾರನೆಯ ದಿನ ಸಂಜೆ ಇಸ್ತ್ರಿ ಮಾಡಿದ ಹತ್ತಿ ಸೀರೆಯುಟ್ಟು, ಕೈಚೀಲ ಹಿಡಿದು ಹೊರಟರು, ಡ್ಯೂಟಿಗೆ ಹೋಗುವ ಹಾಗೆ. ಅಂಗಡಿಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಏನಪ್ಪಾ, ನಮ್ಮನೆಯಿಂದ ಯಾವ ಹೆಸರು ಕೇಳಿದ್ರು ಅಂತ ನಿನ್ನ ಕಂಪ್ಯೂಟರಲ್ಲಿ ಬರುತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಂಗಡಿಯವರು ಕೂಡಲೇ ನನ್ನ ಕಡೆ ತಿರುಗಿ, "ಅಕ್ಕಾ, ನಾನು ಬೇಕು ಅಂತ ಹೇಳಿದ್ದಲ್ಲ. ಲೈನ್ ಕಂಪ್ಲೇಂಟ್ ಇದ್ದಾಗ ನೋಡ್ತಿದ್ದೆ, ಕಣ್ಣಿಗೆ ಬಿತ್ತು. ಒಳ್ಳೇ ಸುದ್ದಿ ಅಲ್ವಾ ಅಂತ ಮನೇಲಿ ಅಂದೆ..." ಅಂದರು. ಆ ಮನೆಯ ಮಾತು ತವರುಮನೆಗೆ ಹೋಗಿ, ಅಲ್ಲಿಂದ ನಮ್ಮ ಅತ್ತೆಯ ಜಗಲಿ ಹತ್ತಿತ್ತು.

ನನಗೆ ಬೈಗುಳ ಬಾಯಿಯವರೆಗೆ ಬಂದಿತ್ತು. ಆಪರೇಟರಮ್ಮ ಮುಂದಾದರು. "ನೀನು ಕೆಟ್ಟೋನಲ್ಲ. ಬೋರ್ಡ್ ಮುಂದೆ ಕೂರೋದು ಹೇಗೆ ಅಂತ ನಿಂಗೆ ಯಾರೂ ಹೇಳ್ಕೊಟ್ಟಿಲ್ಲ. ಒಳ್ಳೇ ಸುದ್ದಿನೋ ಕೆಟ್ಟ ಸುದ್ದಿನೋ ತೀರ್ಮಾನ ಮಾಡೋದು ಸುದ್ದಿಯವರು, ಆಪರೇಟರ್ ಅಲ್ಲ. ಕೇಳಿದ್ದನ್ನ ಜೋಡ್ಸು, ಜೋಡ್ಸಿದ್ದನ್ನ ಮರ್ತುಬಿಡು. ಇವತ್ತಿಂದ ಆದ್ರೂ ಮಾಡು. ನಮ್ಮನೇದು ಮಾತ್ರ ಬೇರೆ ಆಪರೇಟರ್‌ನ ಇಟ್ಕೊಳ್ತೀವಿ, ಆ ಪೆಟ್ಟಿಗೆ ಪಾಸ್‌ವರ್ಡ್ ಬರ್ಕೊಡು." ಅವರು ಬರೆದುಕೊಟ್ಟರು. ಬಯ್ದಿದ್ದರೆ ಬಹುಶಃ ಜಗಳ ಆಗುತ್ತಿತ್ತು.

ಬೇರೆ ಆಪರೇಟರ್ ಅಂದರೆ ಹೊರಗಿನ ಡಿಎನ್‌ಎಸ್ ರಿಸಾಲ್ವರು. ಯಾರು ಬೇಕಾದರೂ ಬಳಸಬಹುದಾದಂಥವು ಹಲವು ಇವೆ. ನಾನು ಒಬ್ಬಳೇ ಆಗಿದ್ದರೆ ಐದು ನಿಮಿಷದ ಕೆಲಸ, ಯಾವುದು ವೇಗವೋ ಅದರ ನಂಬರು ಹಾಕಿ ಮುಗಿಸುತ್ತಿದ್ದೆ. ಆದರೆ ಲೈನು ಎರಡೂ ಮನೆಗೆ ಒಂದೇ. ಆಪರೇಟರಮ್ಮ "ಕೆಲಸಕ್ಕೆ ತಗೊಳ್ಳೋಕೆ ಮುಂಚೆ ಇಂಟರ್ವ್ಯೂ ಮಾಡ್ಬೇಕು" ಅಂದರು. ತಮಾಷೆ ಅಂದುಕೊಂಡೆ. ಅಲ್ಲ. ಮೂರು ಸಂಜೆ ನನ್ನನ್ನು ಎದುರಿಗೆ ಕೂರಿಸಿಕೊಂಡು, ಪ್ರತಿಯೊಂದರ ಗೌಪ್ಯತೆಯ ನಿಯಮಗಳನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿದರು. ಆ ನಿಯಮಗಳನ್ನು ಓದದೆ 'ಒಪ್ಪಿದ್ದೇನೆ' ಒತ್ತುವವರೇ ಜಗತ್ತಿನ ತುಂಬ ಇರುವಾಗ, ಶಿವಮೊಗ್ಗದ ಒಂದು ನಡುಮನೆಯಲ್ಲಿ ಒಬ್ಬ ಮುದುಕಿ ಅದಕ್ಕೆ ತಲೆದೂಗುತ್ತಾ, ತಕರಾರು ತೆಗೆಯುತ್ತಾ ಕೂತಿದ್ದರು ಅಂದರೆ ಆ ನಿಯಮ ಬರೆದವರೂ ನಂಬಲಿಕ್ಕಿಲ್ಲ.

ಮೊದಲನೆಯದು ಒಂದು ಭಾರಿ ಕಂಪನಿಯದು. ಗಟ್ಟಿ, ವೇಗ, ಎಂದೂ ಕೆಡುವುದಿಲ್ಲ ಅಂದೆ. ಕೇಳಿದವರ ವಿಳಾಸವನ್ನು ಒಂದೆರಡು ದಿನ ಇಟ್ಟು ಅಳಿಸುತ್ತೇವೆ ಅಂತ ಬರೆದಿದ್ದಾರೆ ಅಂದೆ.

"ಅವರ ಹೊಟ್ಟೆಪಾಡು ಏನು?"

"ಜಾಹೀರಾತು."

"ಹಾಗಾದ್ರೆ ಮರಿಯೋದು ಅವರಿಗೆ ಕಷ್ಟ ಆಗುತ್ತೆ, ಪಾಪ. ಮುಂದಿನದು ಹೇಳು."

ಎರಡನೆಯದು ನನ್ನ ಅಭ್ಯರ್ಥಿ. ನಾನು ಅಳೆದು ನೋಡಿದಾಗ ನಮ್ಮ ಮನೆಯಿಂದ ಎಲ್ಲಕ್ಕಿಂತ ವೇಗವಾಗಿ ಉತ್ತರ ಕೊಟ್ಟದ್ದು ಅದೇ. ಒಂದು ದಿನದಲ್ಲಿ ಎಲ್ಲ ಅಳಿಸುತ್ತಾರೆ, ಹೊರಗಿನವರನ್ನು ಕರೆಸಿ ತಪಾಸಣೆ ಮಾಡಿಸುತ್ತಾರೆ. ತಪಾಸಣೆ ಅವರಿಗೆ ಹಿಡಿಸಿತು, "ಒಂದು ದಿನ ಯಾಕೆ ಬೇಕು?" ಎಂಬಲ್ಲಿ ನಿಂತರು.

ಮೂರನೆಯದು ಲಾಭಕ್ಕಲ್ಲದೆ ನಡೆಯುವ ಒಂದು ಸಂಸ್ಥೆಯದು. ಕೇಳಿದವರು ಯಾರು ಎಂಬುದನ್ನು ಬರೆದೇ ಇಡುವುದಿಲ್ಲ. ಮೋಸದ ವೆಬ್‌ಸೈಟು ಅಂತ ಗೊತ್ತಾದ ಹೆಸರುಗಳಿಗೆ ನಂಬರು ಕೊಡುವುದಿಲ್ಲ. ಸ್ವಲ್ಪ ನಿಧಾನ.

ಇಲ್ಲಿ ಅವರು ಒಂದಿಡೀ ದಿನ ಯೋಚಿಸಿದರು. ಕರೆ ಜೋಡಿಸುವುದಿಲ್ಲ ಅನ್ನುವ ಹಕ್ಕು ಆಪರೇಟರಿಗೆ ಉಂಟೇ? ಮಾರನೆಯ ಸಂಜೆ ತೀರ್ಪು ಬಂತು. "ಯಾರ ಜೊತೆ ಮಾತಾಡ್ಬೇಕು ಅನ್ನೋದು ಕೇಳಿದೋರ ಇಷ್ಟ. ಆದ್ರೆ ಆ ಕಡೆ ಇರೋನು ಕಳ್ಳ ಅಂತ ಗೊತ್ತಿದ್ದೂ ಜೋಡ್ಸಿದ್ರೆ ಅದು ನಿಯತ್ತಲ್ಲ, ಸೋಮಾರಿತನ. ಇದೇ ಇರ್ಲಿ. ಎಷ್ಟು ನಿಧಾನ ಅಂದೆ?"

"ರೆಪ್ಪೆ ಬಡಿಯೋದರೊಳಗೆ ಅಮ್ಮಾ."

"ಅಷ್ಟು ಹೊತ್ತು ನಾನು ಕಾಯ್ತೀನಿ."

ಬರೀ ನಂಬರು ಬದಲಾಯಿಸಿದರೆ ಸಾಲದು, ದಾರಿಯಲ್ಲಿ ಲೈನಿನವರು ಓದದ ಹಾಗೆ ಪ್ರಶ್ನೆಯನ್ನೂ ಮುಚ್ಚಿ ಕಳಿಸಬೇಕು ಅಂತ ವಿವರಿಸಿ, ರೂಟರಿನಲ್ಲಿ ಆ ಏರ್ಪಾಡನ್ನೂ ಹಾಕಿದೆ. ಆಮೇಲೆ ನಿಜವನ್ನೂ ಹೇಳಿದೆ: ಹೆಸರು ಕೇಳಿದ್ದು ಮುಚ್ಚಿಟ್ಟರೂ ನಾವು ಯಾವ ಕಡೆ ಹೋದೆವು ಅಂತ ಲೈನಿನವರು ಮನಸ್ಸು ಮಾಡಿದರೆ ಸುಮಾರಾಗಿ ಕಂಡುಹಿಡಿಯಬಹುದು. ಅವರಿಗೆ ಆಶ್ಚರ್ಯವಾಗಲಿಲ್ಲ. "ನಮ್ಮ ಕಾಲದಲ್ಲೂ ಲೈನ್‌ಮನ್ ಕಂಬ ಹತ್ತಿ ಕೇಳಬಹುದಿತ್ತು. ಊರನ್ನೆಲ್ಲ ಕಾಯಕ್ಕೆ ಆಗಲ್ಲ ಕಣೇ. ನಮ್ಮ ಕುರ್ಚಿ ಕಾಯ್ಕೊಂಡ್ರೆ ಆಯ್ತು."

ಇನ್ನೊಂದು ಮಾತು ಅವರನ್ನು ಹಿಡಿದು ನಿಲ್ಲಿಸಿತು. ರಿಸಾಲ್ವರು ಒಮ್ಮೆ ಹುಡುಕಿದ ನಂಬರನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ ಅಂದೆ. "ಎಷ್ಟು ಹೊತ್ತು?" ಎಷ್ಟು ಹೊತ್ತು ನೆನಪಿಡಬಹುದು ಅಂತ ಆ ಹೆಸರಿನ ಮಾಲೀಕರೇ ಗೊತ್ತು ಮಾಡಿರುತ್ತಾರೆ, ಅದು ಮುಗಿದ ಮೇಲೆ ಮತ್ತೆ ಹೊಸದಾಗಿ ಕೇಳಬೇಕು ಅಂದೆ.

"ಇದನ್ನ ಮಾಡಿದೋರು ಬುದ್ಧಿವಂತರು. ನಂಗೆ ಯಾರೂ ಹಾಗೆ ಹೇಳಿರ್ಲಿಲ್ಲ" ಅಂದರು. ಆಗ ಹೇಳಿದ ಕತೆ ಇದು. ಒಂದು ಬೆಳಿಗ್ಗೆ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರನಿಗೆ ಪೆಟ್ಟಾಗಿ, ಆಸ್ಪತ್ರೆಯಿಂದ ಅವನ ಮನೆ ಕೇಳಿದರು. ಇವರು ಹೆಸರು ಕೇಳಿದ್ದೇ ಜೋಡಿಸಿದರು. ಆ ಸಂಸಾರ ಹಿಂದಿನ ವಾರವಷ್ಟೇ ಬೇರೆ ಕ್ವಾರ್ಟರ್ಸಿಗೆ ಹೋಗಿತ್ತು. ಹೊಸ ಪಟ್ಟಿ ಇವರ ಮೇಜಿನ ಮೇಲೇ ಇತ್ತು, ಬಿಚ್ಚಿ ನೋಡಿರಲಿಲ್ಲ. ಅವರು ಬಿಟ್ಟುಹೋದ ಮನೆಗೆ ಹೊಸದಾಗಿ ಬಂದಿದ್ದ ಹೆಂಗಸು ಫೋನ್ ಎತ್ತಿ, ಪೆಟ್ಟಾಗಿದ್ದು ತನ್ನ ಗಂಡನಿಗೇ ಅಂತ ತಿಳಿದು, ಬರಿಗಾಲಲ್ಲಿ ಆಸ್ಪತ್ರೆಯವರೆಗೆ ಓಡಿದಳು. ಯಾರ ಜೀವಕ್ಕೂ ಏನೂ ಆಗಿರಲಿಲ್ಲ. "ಆದ್ರೆ ಅವಳ ಕೂಗು ಈ ಕಿವೀಲಿ ಕೇಳಿದೀನಿ" ಅಂತ ಎಡಗಿವಿ ಮುಟ್ಟಿಕೊಂಡರು. ಅಂದು ಸಂಜೆಯೇ ಅವಳ ಮನೆಗೆ ಹೋಗಿ ತಪ್ಪಾಯಿತು ಅಂದು ಬಂದರಂತೆ. ಮಾರನೆಯ ದಿನದಿಂದ ನಿವೃತ್ತಿಯವರೆಗೂ, ಹೆಡ್‌ಸೆಟ್ ಹಾಕುವ ಮುಂಚೆ ಪಟ್ಟಿಯ ಮೇಲೆ ಒಮ್ಮೆ ಬೆರಳಾಡಿಸದೆ ಕೂತವರಲ್ಲ. "ನೆನಪು ಚೆನ್ನಾಗಿರೋರೇ ಜಾಸ್ತಿ ತಪ್ಪು ಮಾಡೋದು. ಇಲ್ದೋರು ಪುಸ್ತಕ ನೋಡ್ತಾರೆ."

ಅದಕ್ಕೇ ಹೊಸ ರಿಸಾಲ್ವರಿನ ನಂಬರನ್ನು ಊದುಬತ್ತಿ ಡಬ್ಬಿಯ ರಟ್ಟಿನ ಮೇಲೆ, ದುಂಡಗಿನ ಅಂಕಿಗಳಲ್ಲಿ ತಾವೇ ಬರೆದು, ಮಹಡಿಯಲ್ಲಿದ್ದ ರೂಟರಿನ ಪಕ್ಕದ ಮೊಳೆಗೆ ನೇತುಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು. "ಪೆಟ್ಟಿಗೆ ಸರಿ ಆಯ್ತು. ಹೊಳಲೂರಿಗೆ ಯಾವಾಗ ಹೋಗ್ತೀರಿ? ತಪ್ಪು ಕಡೆ ಹೋದ ಕರೆನ ಹಾಗೇ ಬಿಡಬಾರ್ದು. ಮತ್ತೆ ಮಾಡಿ, ಸರಿಯಾಗಿ."

ಹೋದೆವು. ಅತ್ತೆ ಮೊದಲು ಮುಖ ತಿರುಗಿಸಿಕೊಂಡರು, ಆಮೇಲೆ ರೊಟ್ಟಿ ಬಡಿಯುತ್ತಲೇ ಬಯ್ದರು, ಊಟಕ್ಕೆ ಹಾಕಿ ಮತ್ತೆ ಬಯ್ದರು. ಹೊರಡುವಾಗ, "ಮಗು ಬಂದ್ರೆ ನಂಗೆ ಬೇಡ ಅಂತೀನಾ? ಮೊದ್ಲು ನಂಗೆ ಹೇಳ್ಬೇಕಿತ್ತು ಅಷ್ಟೇ" ಅಂದರು.

ಅಲ್ಲಿಂದ ತಿಂಗಳೊಪ್ಪತ್ತಿನಲ್ಲಿ ನಮ್ಮ ಮನೆ ನೋಡಿ ವರದಿ ಬರೆಯಲು ಸಮಾಜ ಕಾರ್ಯಕರ್ತೆ ಬಂದರು. ನಮ್ಮನ್ನು ಚೆನ್ನಾಗಿ ಬಲ್ಲವರೊಬ್ಬರ ಜೊತೆ ಮಾತಾಡಬೇಕು ಅಂದರು. ನಮ್ಮನ್ನು ಬಲ್ಲವರು ಅಂದರೆ ಕೆಳಗಿನವರೇ, ಅವರೋ ಯಾರ ಬಗ್ಗೆಯೂ ತುಟಿ ಬಿಚ್ಚದವರು. 'ನಂಗೇನೂ ನೆನಪಿಲ್ಲ' ಅಂದುಬಿಟ್ಟರೆ ವರದಿಯ ಗತಿ ಏನು? ಒಂದು ಮಗುವಿನ ದಾರಿ ಆ ಮುದುಕಿಯ ಬಾಯಿಯ ಮೇಲೆ ನಿಂತಿತ್ತು. ಆಪರೇಟರಮ್ಮ ಅವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಮುಕ್ಕಾಲು ಗಂಟೆಯಾದರೂ ಬಾಗಿಲು ತೆರೆಯಲಿಲ್ಲ. ಮೆಟ್ಟಿಲ ಮೇಲೆ ಕೂತು ನಾನು ಉಗುರು ಕಚ್ಚಿದ್ದೇ ಕಚ್ಚಿದ್ದು.

ಅವರು ಹೋದ ಮೇಲೆ ಕೇಳಿದೆ: "ಏನು ಹೇಳಿದ್ರಿ ಅಮ್ಮಾ?"

"ಜೋಡ್ಸಿದೆ. ಮರ್ತೆ."

ಕಾಯುವ ಪಟ್ಟಿ ಉದ್ದವಿತ್ತು. ಮೂರು ವರ್ಷ ಹಿಡಿಯಿತು. ಮಗಳು ಬಂದಾಗ ಅವಳಿಗೆ ಒಂದೂವರೆ ವರ್ಷ. ಆಪರೇಟರಮ್ಮನ ಕಾಲು ಆಗಲೇ ಸೋತಿತ್ತು, ಮಂಚದಲ್ಲೇ ಹೆಚ್ಚು. ಮಗು ಅವರ ಮೇಲೆ ಹತ್ತಿ ಕೂತು ನೆತ್ತಿಯ ಆ ಗೆರೆಯ ಮೇಲೆ ಬೆರಳು ಓಡಿಸುತ್ತಿತ್ತು, ಈ ಕಿವಿಯಿಂದ ಆ ಕಿವಿಗೆ. "ಬಸ್ ಓಡ್ಸ್ತಿದಾಳೆ ನೋಡು, ಭದ್ರಾವತಿಗೆ" ಅನ್ನುತ್ತಿದ್ದರು. ಎಂಟು ತಿಂಗಳು ಆ ಬಸ್ಸು ಓಡಿತು. ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದೆ, ಅವರು ಏಳಲಿಲ್ಲ. ಭದ್ರಾವತಿಯಿಂದ ತಮ್ಮನ ಮಗ ಬಂದು ಎಲ್ಲ ಮಾಡಿದರು. ಓಣಿಯವರೆಲ್ಲ ಸೇರಿದ್ದರು. ಇಂಟರ್ನೆಟ್ಟಿನ ಅಂಗಡಿಯವರು ಬಂದು, ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ಎಲ್ಲ ಮುಗಿಯುವವರೆಗೂ ನಿಂತಿದ್ದರು.

ದತ್ತು ಕೊಟ್ಟ ಮೇಲೂ ಮಗು ಹೇಗಿದೆ ಅಂತ ನೋಡಲು ಅದೇ ಸಮಾಜ ಕಾರ್ಯಕರ್ತೆ ಬರುತ್ತಿದ್ದರು. ಆ ಸಲ ಬಂದಾಗ ಕೆಳಗಿನ ಬೀಗ ನೋಡಿ ವಿಷಯ ಕೇಳಿ ತಿಳಿದುಕೊಂಡರು. ಆಮೇಲೆ, "ಅವರಿದ್ದಿದ್ರೆ ನಾನು ಹೇಳ್ತಿರ್ಲಿಲ್ಲ. ನಿಮ್ಮ ಬಗ್ಗೆ ಅವರು ಹೇಳಿದ ಒಂದು ಮಾತು ನಾನು ವರದಿಯಲ್ಲಿ ಹಾಗೇ ಬರೆದೆ" ಅಂದರು.

"ಏನಂದಿದ್ರು?"

"'ಈ ಹುಡುಗಿ ಒಂದಿನ ನನ್ನ ಮೇಲೆ ಸುಳ್ಳು ಅಪವಾದ ಹೊರಿಸಿದ್ಲು. ಅದು ಸುಳ್ಳು ಅಂತ ಗೊತ್ತಾಗೋ ಮುಂಚೆನೇ ತಾನಾಗೇ ಇಳಿದು ಬಂದು ತಪ್ಪಾಯ್ತು ಅಂದ್ಲು. ಚಿಕ್ಕವರ ಎದುರಿಗೆ ತಪ್ಪಾಯ್ತು ಅನ್ನೋ ದೊಡ್ಡವರು ಕಮ್ಮಿ. ಇವಳು ಮಗು ಎದುರಿಗೂ ಅಂತಾಳೆ. ಮಗು ಕೊಡಿ' ಅಂದ್ರು."

ನನ್ನ ಜೀವಮಾನದಲ್ಲಿ ನಾನು ಆಡಿದ ಅತಿ ಕೆಟ್ಟ ಮಾತನ್ನೇ ಅವರು ನನ್ನ ಪರವಾದ ಶಿಫಾರಸಾಗಿ ಮಾಡಿದ್ದರು. ಅವತ್ತು ನಾನು ಅತ್ತಷ್ಟು ಅವರು ಹೋದ ದಿನವೂ ಅತ್ತಿರಲಿಲ್ಲ.

ಈ ವರ್ಷ ಕರೆಂಟಿನ ಏರಿಳಿತಕ್ಕೆ ಹಳೆಯ ರೂಟರು ಸುಟ್ಟುಹೋಯಿತು. ಹೊಸದನ್ನು ಕೂರಿಸಿ, ರಿಸಾಲ್ವರಿನ ನಂಬರನ್ನು ನೆನಪಿನಿಂದಲೇ ಟಕಟಕ ಒತ್ತಿದೆ. ಇಷ್ಟು ವರ್ಷ ಕಣ್ಣೆದುರಿಗೆ ನೇತಾಡಿದ್ದು, ಮರೆಯುವುದುಂಟೇ? ಇಂಟರ್ನೆಟ್ ಬರಲಿಲ್ಲ. ಇಂಟರ್ನೆಟ್ಟಿನವರನ್ನು ಬಯ್ಯಬೇಕು ಅಂತ ಫೋನ್ ಕೈಗೆತ್ತಿಕೊಂಡವಳು, ಮೊಳೆಯ ಮೇಲಿನ ರಟ್ಟು ನೋಡಿದೆ. ದುಂಡಗಿನ ಅಂಕಿಗಳ ಮೇಲೆ ಬೆರಳಾಡಿಸಿದೆ. ಒಂದು ಅಂಕಿಯನ್ನು ನಾನೇ ತಪ್ಪು ಒತ್ತಿದ್ದೆ.

"ತಪ್ಪಾಯ್ತು ಅಮ್ಮಾ" ಅಂದೆ.

ಮಗಳು ಬಣ್ಣದ ಪೆನ್ಸಿಲ್ ಬಿಟ್ಟು ಸುತ್ತ ನೋಡಿದಳು. "ಯಾರಿಗಮ್ಮಾ ಹೇಳಿದ್ದು?"

"ಆಪರೇಟರಮ್ಮಂಗೆ" ಅಂದೆ, ಮತ್ತೆ ರಟ್ಟು ನೋಡಿಕೊಂಡು ಆ ಒಂದು ಅಂಕಿ ತಿದ್ದಿದೆ.